ಲೋಡ್ ಗಾಡಿ ಏರಿನಲ್ಲಿ ಏದುಸಿರು ಬಿಡುತ್ತಿದೆಯೇ? ಪಂಪ್ ಬಿಚ್ಚಿಸುವ ಮೊದಲು ಡೀಸೆಲ್ ಬರುವ ದಾರಿ ನೋಡಿ

ಟೊಮೆಟೊ ತುಂಬಿಕೊಂಡು ನಸುಕಿನಲ್ಲಿ ಹೊರಟ ಪಿಕಪ್ ಏರಿನಲ್ಲಿ ಎಳೆಯದೆ ನಿಂತುಬಿಟ್ಟರೆ ನಷ್ಟ ಬರೀ ಮೆಕಾನಿಕ್‌ಗೆ ಕೊಡುವ ದುಡ್ಡಿನದ್ದಲ್ಲ. 15 ಕಿಲೋ ಬಾಕ್ಸ್ ಲೆಕ್ಕದಲ್ಲಿ 80 ಬಾಕ್ಸ್ ಅಂದರೆ 1,200 ಕಿಲೋ ಹಣ್ಣು. ಹರಾಜು ಮುಗಿದ ಮೇಲೆ ಮಂಡಿಗೆ ಹೋದ ಹಣ್ಣಿಗೆ ಯಾರು ಎಷ್ಟು ಕೊಡುತ್ತಾರೆ ಅನ್ನೋದು ನಿಮಗೇ ಗೊತ್ತು. ಕೋಲಾರ, ಚಿಂತಾಮಣಿ ಕಡೆಯವರಿಗೆ ಟೊಮೆಟೊ, ಬೇರೆ ಕಡೆಯವರಿಗೆ ಹೂವು, ಸೊಪ್ಪು, ಹಾಲು. ಸರಕು ಯಾವುದಾದರೂ ಕಷ್ಟ ಒಂದೇ.

ಇಂಥ ಗಾಡಿಯನ್ನು ಗ್ಯಾರೇಜಿಗೆ ಒಯ್ದರೆ ಮೊದಲು ಕೇಳಿಬರುವ ಮಾತು "ಪಂಪ್ ಹೋಗಿದೆ" ಅಥವಾ "ನಾಝಲ್ ಹೋಗಿದೆ". ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ಪಂಪ್ ಬಿಚ್ಚಿ ಕ್ಯಾಲಿಬ್ರೇಶನ್‌ಗೆ ಕಳಿಸಿದರೆ ಸಾವಿರಗಟ್ಟಲೆ ಖರ್ಚು, ಮೇಲೆ ಗಾಡಿ ಮೂರು ನಾಲ್ಕು ದಿನ ಶೆಡ್ಡಿನಲ್ಲಿ. ಟ್ಯಾಂಕಿನಿಂದ ಫಿಲ್ಟರ್‌ವರೆಗಿನ ದಾರಿಯನ್ನು ನಾಲ್ಕು ಸ್ಪ್ಯಾನರ್, ಒಂದು ಮೀಟರ್ ಪಾರದರ್ಶಕ ಪೈಪ್ ಇಟ್ಟುಕೊಂಡು ನೀವೇ ನೋಡಬಹುದು. ಅಲ್ಲಿ ತಪ್ಪಿಲ್ಲ ಅಂತ ಗೊತ್ತಾದ ಮೇಲೆ ಪಂಪಿನ ಮಾತು ಆಡೋಣ. ಈ ವಾರ ಆ ಕೆಲಸವನ್ನು ಹಂತ ಹಂತವಾಗಿ ತಿಳಿಯೋಣ. ಟ್ರ್ಯಾಕ್ಟರಿಗೂ ಇದರ ಬಹುಪಾಲು ಅನ್ವಯಿಸುತ್ತದೆ.

ಮೊದಲು ಹೊಗೆ ನೋಡಿ

ಡೀಸೆಲ್ ಇಂಜಿನ್‌ನಲ್ಲಿ ಪ್ಲಗ್ಗಿನ ಕಿಡಿ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಆ ಬಿಸಿಗೆ ಡೀಸೆಲ್ ಸಿಂಪಡಿಸಿದರೆ ಅದು ತಾನೇ ಹೊತ್ತಿಕೊಳ್ಳುತ್ತದೆ. ಹಾಗಾಗಿ ಬೇಕಾದ್ದು ಮೂರು: ಗಾಳಿ, ಒತ್ತಡ, ಡೀಸೆಲ್. ಯಾವುದು ಕಡಿಮೆಯಾಗಿದೆ ಅಂತ ಹೊಗೆಯೇ ಅರ್ಧ ಹೇಳಿಬಿಡುತ್ತದೆ.

ಸೆಲ್ಫ್ ಹೊಡೆದಾಗ ಇಂಜಿನ್ ಚೆನ್ನಾಗಿ ತಿರುಗುತ್ತಿದೆ, ಆದರೂ ಸೈಲೆನ್ಸರಿನಿಂದ ಒಂದು ಚೂರೂ ಹೊಗೆ ಬರುತ್ತಿಲ್ಲ ಎಂದರೆ ಸಿಲಿಂಡರಿಗೆ ಡೀಸೆಲ್ ಹೋಗುತ್ತಿಲ್ಲ. ಈ ಲೇಖನ ಆ ಗಾಡಿಗಾಗಿಯೇ. ಬಿಳಿ ಹೊಗೆ ಬುಸುಬುಸು ಬಂದು ಸ್ಟಾರ್ಟ್ ಆಗದಿದ್ದರೆ ಡೀಸೆಲ್ ಒಳಗೆ ಹೋಗುತ್ತಿದೆ, ಹೊತ್ತಿಕೊಳ್ಳುತ್ತಿಲ್ಲ. ಆಗ ಹೀಟರ್ ಪ್ಲಗ್, ಬ್ಯಾಟರಿ, ಕಂಪ್ರೆಶನ್ ಕಡೆ ನೋಡಬೇಕು. ಗಾಡಿ ಎಳೆಯುತ್ತಿಲ್ಲ, ಆದರೆ ರೇಸ್ ಕೊಟ್ಟರೆ ಕಪ್ಪು ಹೊಗೆ ಕಕ್ಕುತ್ತಿದೆ ಎಂದರೆ ಡೀಸೆಲ್ ಕಡಿಮೆ ಬೀಳುತ್ತಿಲ್ಲ, ಗಾಳಿ ಕಡಿಮೆ ಬೀಳುತ್ತಿರುವ ಸಾಧ್ಯತೆ ಹೆಚ್ಚು. ಏರ್ ಫಿಲ್ಟರ್ ತೆಗೆದು ಧೂಳು ನೋಡಿ, ಟರ್ಬೊಗೆ ಹೋಗುವ ರಬ್ಬರ್ ಹೋಸ್ ಹರಿದಿದೆಯಾ ಅಂತ ನೋಡಿ. ರಾಗಿ, ಜೋಳದ ಒಕ್ಕಣೆ ಸಮಯದಲ್ಲಿ ಕಣದಲ್ಲಿ ಓಡಾಡಿದ ಗಾಡಿಯ ಏರ್ ಫಿಲ್ಟರ್ ವಾರದಲ್ಲೇ ಕಟ್ಟಿಕೊಳ್ಳುತ್ತದೆ.

ಹೊಗೆಯ ನಂತರ, ತೊಂದರೆ ಯಾವಾಗ ಬರುತ್ತದೆ ಅನ್ನೋದನ್ನು ನೆನಪು ಮಾಡಿಕೊಳ್ಳಿ. ಬೆಳಿಗ್ಗೆ ಹತ್ತು ಸಲ ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗುತ್ತದೆ, ಆಮೇಲೆ ದಿನವಿಡೀ ಚೆನ್ನಾಗಿದೆ ಎಂದಾದರೆ ರಾತ್ರಿ ಪೈಪಿನಲ್ಲಿದ್ದ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದಿದೆ, ಎಲ್ಲೋ ಗಾಳಿ ನುಗ್ಗುತ್ತಿದೆ ಅಂತ ಅರ್ಥ. ಖಾಲಿ ಗಾಡಿ ಸರಿ, ಲೋಡ್ ಹಾಕಿ ಏರು ಹತ್ತಿದರೆ ಮಾತ್ರ ಸೊರಗುತ್ತದೆ ಎಂದರೆ ದಾರಿಯಲ್ಲಿ ಅಡ್ಡಿ ಇದೆ. ಸ್ವಲ್ಪ ಡೀಸೆಲ್ ಬರುತ್ತಿದೆ, ಬೇಕಾದಷ್ಟು ಬರುತ್ತಿಲ್ಲ. ನಾಲ್ಕೈದು ಕಿಲೋಮೀಟರ್ ಓಡಿ ನಿಂತು, ಹತ್ತು ನಿಮಿಷ ಬಿಟ್ಟರೆ ಏನೂ ಆಗದವರ ಹಾಗೆ ಮತ್ತೆ ಸ್ಟಾರ್ಟ್ ಆಗುವ ಗಾಡಿ ಇದೆಯಲ್ಲ, ಅದು ಟ್ಯಾಂಕಿನ ಒಳಗೆ ನೋಡು ಅಂತ ನಿಮಗೆ ಹೇಳುತ್ತಿದೆ.

ಡೀಸೆಲ್ ಹೋಗುವ ದಾರಿ

ಟ್ಯಾಂಕಿನ ಒಳಗೆ ಒಂದು ಹೀರು ಪೈಪ್, ಅದರ ತುದಿಗೆ ಜಾಲರಿ. ಅಲ್ಲಿಂದ ಚಾಸಿಸ್ ಪಕ್ಕದಲ್ಲಿ ಬರುವ ಲೈನ್. ನಂತರ ಕೈಯಲ್ಲಿ ಒತ್ತುವ ಪ್ರೈಮರ್. ಕೆಲವು ಗಾಡಿಯಲ್ಲಿ ಅದು ರಬ್ಬರ್ ಬುರುಡೆ, ಕೆಲವದರಲ್ಲಿ ಫಿಲ್ಟರಿನ ತಲೆ ಮೇಲಿನ ಗುಂಡಿ, ಹಳೆಯದರಲ್ಲಿ ಫೀಡ್ ಪಂಪಿನ ಮೇಲಿನ ಹ್ಯಾಂಡ್ ಪಂಪ್. ಆಮೇಲೆ ನೀರು ಬೇರ್ಪಡಿಸುವ ಬಟ್ಟಲು, ಫಿಲ್ಟರ್, ಅದರ ನಂತರ ಹೈ ಪ್ರೆಶರ್ ಪಂಪ್, ನಾಝಲ್. ಉಳಿದ ಡೀಸೆಲ್ ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ವಾಪಸ್. ಫಿಲ್ಟರ್ ಮತ್ತು ಪ್ರೈಮರ್ ಯಾವುದು ಮುಂದೆ, ಯಾವುದು ಹಿಂದೆ ಅನ್ನೋದು ಗಾಡಿಯಿಂದ ಗಾಡಿಗೆ ಬೇರೆ. ಪೈಪ್ ಹಿಡಿದು ಟ್ಯಾಂಕಿನಿಂದ ಮುಂದಕ್ಕೆ ಹೋದರೆ ಐದು ನಿಮಿಷದಲ್ಲಿ ನಿಮ್ಮ ಗಾಡಿಯದ್ದು ಗೊತ್ತಾಗುತ್ತದೆ.

ಇಲ್ಲಿ ಒಂದು ಗೆರೆ ಎಳೆಯಬೇಕು. ಹಳೇ 407, ಹಳೇ ಪಿಕಪ್‌ಗಳಲ್ಲಿ ಇರುವುದು ಮೆಕಾನಿಕಲ್ ಪಂಪ್. ಈಚಿನ ಗಾಡಿಗಳಲ್ಲಿ ಕಾಮನ್ ರೈಲ್. ದೇಶದಾದ್ಯಂತ ಬಿಎಸ್-4 ಬಂದದ್ದು 2017ರ ಏಪ್ರಿಲ್ 1ರಂದು, ಬಿಎಸ್-6 ಬಂದದ್ದು 2020ರ ಏಪ್ರಿಲ್ 1ರಂದು. ಬಿಎಸ್-6 ಡೀಸೆಲ್ ಲೋಡ್ ಗಾಡಿ ಎಂದರೆ ಕಾಮನ್ ರೈಲ್ ಅಂತಲೇ ತಿಳಿಯಿರಿ. ಅದರ ರೈಲಿನಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ, ಕೆಲವದರಲ್ಲಿ 1,600 ಬಾರ್‌ಗೂ ಮೇಲೆ. ಸೂಜಿಮೊನೆಯಷ್ಟು ಸಣ್ಣ ತೂತಿನಿಂದ ಚಿಮ್ಮುವ ಆ ಡೀಸೆಲ್ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಹೊರಗೆ ಸೊಳ್ಳೆ ಕಚ್ಚಿದಷ್ಟೇ ಗುರುತು, ಒಳಗೆ ಮಾಂಸ ಕೊಳೆಯಲು ಶುರು. ಬೆರಳು ಕತ್ತರಿಸಬೇಕಾಗಿ ಬರಬಹುದು. ಹಾಗೆ ಆದರೆ ಅರಿಶಿನ ಹಚ್ಚಿ ಕೂರಬೇಡಿ, ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಹೋಗಿ, ಹೈ ಪ್ರೆಶರ್ ಡೀಸೆಲ್ ತಗುಲಿದೆ ಅಂತ ಬಾಯಿಬಿಟ್ಟು ಹೇಳಿ. ಕಾಮನ್ ರೈಲ್ ಗಾಡಿಯಲ್ಲಿ ಫಿಲ್ಟರ್‌ನಿಂದ ಆಚೆಗಿನ ಒಂದು ನಟ್ಟನ್ನೂ ಮನೆಯಲ್ಲಿ ಸಡಿಲಿಸಬಾರದು.

ಕೈ ಹಾಕುವ ಮುಂಚೆ

ಗಾಡಿ ಬಯಲಿನಲ್ಲಿ ಸಮತಟ್ಟು ಜಾಗದಲ್ಲಿರಲಿ, ಇಂಜಿನ್ ತಣ್ಣಗಿರಲಿ, ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಪಕ್ಕದಲ್ಲಿ ಒಂದು ಬಕೆಟ್ ಒಣ ಮರಳು. ಡೀಸೆಲ್ ಬೇಗ ಹೊತ್ತಿಕೊಳ್ಳಲ್ಲ ಅನ್ನೋ ಧೈರ್ಯ ಬಹಳ ಜನರಿಗಿದೆ. ನಮ್ಮ ದೇಶದ ಮಾನದಂಡದಲ್ಲಿ ಡೀಸೆಲಿನ ಆವಿ ಕಿಡಿಗೆ ಹೊತ್ತಿಕೊಳ್ಳುವ ಉಷ್ಣಾಂಶದ ಕನಿಷ್ಠ ಮಿತಿ 35 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ರಾಯಚೂರು, ಕಲಬುರಗಿಯಲ್ಲಿ ನೆರಳಲ್ಲೇ 40 ಇರುತ್ತದೆ. ಬೀಡಿ ದೂರ ಇಡಿ. ಬಿಸಿ ಸೈಲೆನ್ಸರ್ ಮೇಲೆ, ಟರ್ಬೊ ಮೇಲೆ ಡೀಸೆಲ್ ಬಿದ್ದರೆ ಕಿಡಿಯೂ ಬೇಕಿಲ್ಲ.

ಬಾಯಿಂದ ಎಳೆದು ಡೀಸೆಲ್ ತೆಗೆಯುವ ಅಭ್ಯಾಸ ಹಳ್ಳಿಯಲ್ಲಿ ಇನ್ನೂ ಇದೆ. ದಯವಿಟ್ಟು ಮಾಡಬೇಡಿ. ನಾಲ್ಕು ಹನಿ ಶ್ವಾಸಕೋಶಕ್ಕೆ ಹೋದರೂ ನ್ಯುಮೋನಿಯಾ ಆಗಿ ಪ್ರಾಣಕ್ಕೆ ಬರಬಹುದು. ಯಾರಾದರೂ ನುಂಗಿಬಿಟ್ಟರೆ ವಾಂತಿ ಮಾಡಿಸಬೇಡಿ. ವಾಂತಿ ಬರುವಾಗಲೇ ಅದು ಶ್ವಾಸಕೋಶಕ್ಕೆ ಇಳಿಯುವುದು. ನೇರ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನೊಂದು, ಬಿಚ್ಚುವ ಮೊದಲು ತೊಳೆಯಿರಿ. ಮನುಷ್ಯನ ಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಡೀಸೆಲ್ ಫಿಲ್ಟರ್ ತಡೆಯುವುದು ಕೆಲವೇ ಮೈಕ್ರಾನಿನ ಕಣಗಳನ್ನು, ಯಾಕೆಂದರೆ ಪಂಪಿನ ಒಳಗಿನ ಸಂದು ಅಷ್ಟು ಸಣ್ಣದು. ನಟ್ಟಿನ ಸುತ್ತ ಅಂಟಿದ ಮಣ್ಣು ಒಳಗೆ ಬಿದ್ದರೆ ರಿಪೇರಿ ಮಾಡಲು ಹೋಗಿ ಕೆಡಿಸಿದಂತೆ. ಬ್ರಶ್, ಸ್ವಲ್ಪ ಡೀಸೆಲ್ ಹಾಕಿ ಉಜ್ಜಿ, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ ಆಮೇಲೆ ಸ್ಪ್ಯಾನರ್ ಹಾಕಿ.

ಟ್ಯಾಂಕಿನಿಂದ ಶುರು

ಟ್ಯಾಂಕಿನಲ್ಲಿ ಡೀಸೆಲ್ ಇದೆಯಾ? ನಗಬೇಡಿ. ಮೀಟರ್ ಮುಳ್ಳು ಸುಳ್ಳು ಹೇಳುವ ಗಾಡಿಗಳು ಊರಿಗೆ ನಾಲ್ಕು ಇರುತ್ತವೆ. ಡೀಸೆಲ್ ಕಡಿಮೆ ಇದ್ದು ಗಾಡಿ ಏರಿನಲ್ಲಿ ಓರೆಯಾದರೆ ಹೀರು ಪೈಪಿನ ತುದಿ ಗಾಳಿಗೆ ತೆರೆದುಕೊಳ್ಳುತ್ತದೆ. ಹತ್ತು ಲೀಟರ್ ಹಾಕಿ ನೋಡುವುದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ.

ಎರಡನೆಯದು ಮುಚ್ಚಳ. ಡೀಸೆಲ್ ಹೊರಗೆ ಹೋದಷ್ಟು ಗಾಳಿ ಟ್ಯಾಂಕಿನ ಒಳಗೆ ಬರಬೇಕು. ಮುಚ್ಚಳದಲ್ಲೋ ಪಕ್ಕದ ಸಣ್ಣ ಪೈಪಿನಲ್ಲೋ ಅದಕ್ಕೆ ದಾರಿ ಇರುತ್ತದೆ. ಧೂಳು, ಕೆಸರು ಕೂತು ಅದು ಮುಚ್ಚಿಹೋದರೆ ಟ್ಯಾಂಕಿನಲ್ಲಿ ನಿರ್ವಾತ ಹುಟ್ಟಿ ಪಂಪ್ ಎಳೆಯಲಾರದೆ ಸೋಲುತ್ತದೆ. ಗಾಡಿ ಸೊರಗಿದ ಕೂಡಲೇ ನಿಲ್ಲಿಸಿ ಮುಚ್ಚಳ ತಿರುಗಿಸಿ. 'ಸುಸ್' ಅಂತ ಜೋರಾಗಿ ಗಾಳಿ ಒಳಗೆ ಎಳೆದುಕೊಂಡು, ಆಮೇಲೆ ಗಾಡಿ ಸರಿಯಾಗಿ ಓಡಿದರೆ ರೋಗ ಸಿಕ್ಕಿತು. ಮುಚ್ಚಳ ತೊಳೆದು ಗಾಳಿ ಹಾಯಿಸಿ, ಇಲ್ಲವೇ ಹೊಸದು ಹಾಕಿ. ಮುಚ್ಚಳ ಕಳೆದುಹೋಯಿತು ಅಂತ ಪ್ಲಾಸ್ಟಿಕ್ ಕವರ್ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿದ ಗಾಡಿಗಳಿಗೂ ಇದೇ ಗತಿ.

ಮೂರನೆಯದು ನೀರು. ನೀರು ಬೇರ್ಪಡಿಸುವ ಬಟ್ಟಲಿನ ಕೆಳಗಿನ ಡ್ರೇನ್ ಸ್ಕ್ರೂ ಸಡಿಲಿಸಿ ಅರ್ಧ ಗ್ಲಾಸಿನಷ್ಟನ್ನು ಬಿಳಿ ಗಾಜಿನ ಬಾಟಲಿಗೆ ಹಿಡಿಯಿರಿ. ಅರ್ಧ ಗಂಟೆ ಅಲ್ಲಾಡಿಸದೆ ಬಿಡಿ. ಒಂದು ಲೀಟರ್ ಡೀಸೆಲಿನ ತೂಕ ಸುಮಾರು 820ರಿಂದ 845 ಗ್ರಾಂ, ನೀರು ಒಂದು ಕಿಲೋ. ಆದ್ದರಿಂದ ನೀರು ತಳಕ್ಕೆ ಕೂತು ನಡುವೆ ಗೆರೆ ಕಾಣುತ್ತದೆ. ಗೆರೆಯ ಹತ್ತಿರ ಕಪ್ಪು ಲೋಳೆ ತೇಲುತ್ತಿದ್ದರೆ ಟ್ಯಾಂಕಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದಿವೆ. ಅವು ಬದುಕುವುದೇ ನೀರು ಮತ್ತು ಡೀಸೆಲ್ ಸೇರುವ ಜಾಗದಲ್ಲಿ. ಎಷ್ಟು ಹೊಸ ಫಿಲ್ಟರ್ ಹಾಕಿದರೂ ಅದು ಬೇಗ ಕಟ್ಟಿಕೊಳ್ಳುತ್ತಲೇ ಇರುತ್ತದೆ. ಟ್ಯಾಂಕ್ ಇಳಿಸಿ ತೊಳೆಸುವುದೇ ದಾರಿ.

ನೀರು ಎಲ್ಲಿಂದ ಬಂತು ಅಂತ ಬಂಕಿನವರನ್ನು ಬೈಯುವ ಮೊದಲು ನಿಮ್ಮ ಡ್ರಮ್ ನೋಡಿಕೊಳ್ಳಿ. ತೋಟದ ಮನೆಯಲ್ಲಿ ಡೀಸೆಲ್ ಕೂಡಿಡುವವರು ಡ್ರಮ್ಮನ್ನು ಹೊರಗೆ ನೆಟ್ಟಗೆ ನಿಲ್ಲಿಸಿರುತ್ತಾರೆ. ಮೇಲಿನ ಅಂಚಿನಲ್ಲಿ ಮಳೆನೀರು ನಿಂತು, ರಾತ್ರಿ ಡ್ರಮ್ ತಣ್ಣಗಾದಾಗ ಬಿರಡೆಯ ಸಂದಿನಿಂದ ಒಳಗೆ ಎಳೆದುಕೊಳ್ಳುತ್ತದೆ. ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಯ ಮೇಲೂ ಚಳಿಗಾಲದ ರಾತ್ರಿ ನೀರು ಬೆವರುತ್ತದೆ. ಹಾಗಂತ ಬಂಕಿನ ಮೇಲೆ ಅನುಮಾನವೇ ಪಡಬಾರದು ಅಂತಲ್ಲ. ಸಾಂದ್ರತೆ ಅಳೆದು ತೋರಿಸಿ ಅಂತ ಕೇಳುವ ಹಕ್ಕು ನಿಮಗಿದೆ, ಕೇಳಿ.

ಹೀರು ಪೈಪಿನಲ್ಲಿ ಗಾಳಿ: ಕಣ್ಣಿಗೆ ಕಾಣದ ಸೋರಿಕೆ

ಬಹಳ ಜನ ಎಡವುವುದು ಇಲ್ಲಿ. ಸೋರಿಕೆ ಎಂದರೆ ಡೀಸೆಲ್ ತೊಟ್ಟಿಕ್ಕಬೇಕು ಅಂತ ಹುಡುಕುತ್ತಾರೆ, ಒದ್ದೆ ಕಾಣದಿದ್ದರೆ ಪೈಪ್ ಸರಿಯಿದೆ ಅಂತ ಬಿಡುತ್ತಾರೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಡೀಸೆಲ್ ತಳ್ಳಲ್ಪಡುವುದಿಲ್ಲ, ಎಳೆಯಲ್ಪಡುತ್ತದೆ. ಎಳನೀರಿನ ಸ್ಟ್ರಾ ಸೀಳಿದ್ದರೆ ಏನಾಗುತ್ತದೆ? ಎಳನೀರು ಹೊರಗೆ ಸೋರುವುದಿಲ್ಲ, ಬಾಯಿಗೆ ಗಾಳಿ ಬರುತ್ತದೆ. ಇದೂ ಹಾಗೇ. ಪೈಪ್ ಪೂರ್ತಿ ಒಣಗಿದ್ದರೂ ಗಾಳಿ ಒಳಗೆ ಹೋಗುತ್ತಿರಬಹುದು.

ಎಲ್ಲೆಲ್ಲಿ ನೋಡಬೇಕು? ರಬ್ಬರ್ ಹೋಸ್ ಬಾಗಿದ ಕಡೆ ಬಿರುಕು. ಚಾಸಿಸ್ಸಿಗೆ ಉಜ್ಜಿ ಸವೆದ ಜಾಗ. ಬೈಂಡಿಂಗ್ ವೈರ್ ಸುತ್ತಿ ಬಿಗಿದ ಜಾಯಿಂಟ್. ತಂತಿ ಒಂದು ಕಡೆ ಕೊರೆಯುತ್ತದೆ, ಇನ್ನೊಂದು ಕಡೆ ಸಡಿಲವೇ ಉಳಿಯುತ್ತದೆ, ಕಿತ್ತು ಸ್ಕ್ರೂ ಕ್ಲಿಪ್ ಹಾಕಿ. ಬ್ಯಾಂಜೊ ಬೋಲ್ಟಿನ ತಾಮ್ರದ ವಾಷರ್. ಒಮ್ಮೆ ಬಿಚ್ಚಿದ ಮೇಲೆ ಹೊಸದು ಹಾಕುವುದೇ ಸರಿ, ರಾತ್ರಿ ಹೊತ್ತು ಸಿಗದಿದ್ದರೆ ಹಳೆಯದನ್ನು ಕೆಂಪಗೆ ಕಾಯಿಸಿ ತಣ್ಣಗಾಗಿಸಿದರೆ ಮೆತ್ತಗಾಗಿ ಮತ್ತೆ ಕೂರುತ್ತದೆ. ಕಾಯಿಸುವುದು ಡೀಸೆಲ್ ಇರುವ ಜಾಗದಿಂದ ದೂರ, ಒಲೆಯ ಹತ್ತಿರ. ಇನ್ನು ಹಳ್ಳಿಗಾಡಿನ ವಿಶೇಷ ಅಂದರೆ ಇಲಿ. ಕಡಲೆಕಾಯಿ, ಹಿಂಡಿ ಇಡುವ ಶೆಡ್ಡಿನಲ್ಲೇ ಗಾಡಿ ನಿಲ್ಲಿಸುವವರು ಟ್ಯಾಂಕಿನ ಮೇಲ್ಭಾಗದ ಹೋಸನ್ನು ಟಾರ್ಚ್ ಹಿಡಿದು ನೋಡಲೇಬೇಕು. ಅಲ್ಲಿ ಇಲಿ ಕಡಿದ ಗುರುತು ಕೆಳಗಿನಿಂದ ಕಾಣಲ್ಲ.

ಕಣ್ಣಿಗೆ ಸಿಗದಿದ್ದರೆ ಪಾರದರ್ಶಕ ಪೈಪ್ ಬೇಕು. ಪ್ರೈಮರ್ ಅಥವಾ ಫೀಡ್ ಪಂಪಿಗೆ ಬರುವ ಹೋಸನ್ನು ಬಿಚ್ಚಿ, ಅದೇ ಅಳತೆಯ ಅರ್ಧ ಮೀಟರ್ ಪಾರದರ್ಶಕ ಪೈಪನ್ನು ನಡುವೆ ಜೋಡಿಸಿ ಎರಡೂ ಕಡೆ ಕ್ಲಿಪ್ ಬಿಗಿಯಿರಿ. ಪ್ರೈಮ್ ಮಾಡಿ ಇಂಜಿನ್ ಓಡಿಸಿ. ಮೊದಲ ಒಂದೆರಡು ನಿಮಿಷ ಗುಳ್ಳೆ ಬರುವುದು ಸಹಜ. ಆಮೇಲೂ ಗುಳ್ಳೆಗಳ ಸಾಲು ಹರಿಯುತ್ತಲೇ ಇದ್ದರೆ ಅದರ ಹಿಂದೆ, ಅಂದರೆ ಟ್ಯಾಂಕಿನ ಕಡೆ, ಗಾಳಿ ನುಗ್ಗುತ್ತಿದೆ. ಪೈಪ್ ಶುಭ್ರವಾಗಿದ್ದರೆ ಆ ಭಾಗಕ್ಕೆ ಪಾಸು. ಕೆಲವು ಹೊಸ ಗಾಡಿಗಳಲ್ಲಿ ಟ್ಯಾಂಕಿನ ಒಳಗೇ ಎಲೆಕ್ಟ್ರಿಕ್ ಪಂಪ್ ಇರುತ್ತದೆ, ಕೀ ಆನ್ ಮಾಡಿದಾಗ ಕೆಲವು ಸೆಕೆಂಡ್ 'ಗುಂಯ್' ಅನ್ನುತ್ತದೆ. ಅಂಥ ಗಾಡಿಯ ಲೈನ್ ಒತ್ತಡದಲ್ಲಿರುವುದರಿಂದ ಈ ಪರೀಕ್ಷೆ ಬೇಡ. ಆ ಸದ್ದೇ ಇಲ್ಲದಿದ್ದರೆ ಮೊದಲು ಫ್ಯೂಸ್ ನೋಡಿ.

ಟ್ಯಾಂಕಿನ ಬದಲು ಕ್ಯಾನ್

ಇದು ಬಹಳ ಒಳ್ಳೆಯ ಪರೀಕ್ಷೆ, ಆದರೆ ಮಾಡುವವರು ಕಡಿಮೆ. ಟ್ಯಾಂಕಿನಿಂದ ಬರುವ ಹೋಸನ್ನು ಪ್ರೈಮರಿನ ಹಿಂದೆ ಬಿಚ್ಚಿ ತುದಿಗೆ ಬೆಣೆ ಕೊಡಿ. ಪಾರದರ್ಶಕ ಪೈಪಿನ ಒಂದು ತುದಿ ಪ್ರೈಮರಿಗೆ, ಇನ್ನೊಂದು ತುದಿ ಐದು ಲೀಟರ್ ಶುದ್ಧ ಡೀಸೆಲ್ ಇರುವ ಕ್ಯಾನಿಗೆ. ಕ್ಯಾನ್ ಬಿಸಿ ಭಾಗಗಳಿಂದ ದೂರ, ಪ್ರೈಮರಿಗಿಂತ ಸ್ವಲ್ಪ ಎತ್ತರದಲ್ಲಿ, ಉರುಳದ ಹಾಗೆ ಇರಲಿ. ಈಗ ಗಾಡಿ ಟ್ಯಾಂಕ್, ಜಾಲರಿ, ಉದ್ದ ಲೈನ್ ಇವನ್ನೆಲ್ಲ ಬಿಟ್ಟು ಕ್ಯಾನಿನಿಂದ ಕುಡಿಯುತ್ತಿದೆ. ನಿಂತಲ್ಲೇ ಹತ್ತು ಹದಿನೈದು ನಿಮಿಷ ಓಡಿಸಿ, ಚೆನ್ನಾಗಿ ರೇಸ್ ಕೊಡಿ. ರಿಟರ್ನ್ ಡೀಸೆಲ್ ಟ್ಯಾಂಕಿಗೇ ಹೋಗುವುದರಿಂದ ಕ್ಯಾನ್ ನೀವು ಅಂದುಕೊಂಡದ್ದಕ್ಕಿಂತ ಬೇಗ ಇಳಿಯುತ್ತದೆ, ಕಣ್ಣಿಟ್ಟಿರಿ. ಈ ಕ್ಯಾನ್ ಇಟ್ಟುಕೊಂಡು ರಸ್ತೆಗೆ ಮಾತ್ರ ಇಳಿಯಬೇಡಿ.

ಕ್ಯಾನಿನಿಂದ ಸರಿಯಾಗಿ ಓಡಿದರೆ ತಪ್ಪು ಟ್ಯಾಂಕಿನ ಕಡೆ. ಕ್ಯಾನಿನಿಂದಲೂ ಹಾಗೇ ಸೊರಗಿದರೆ ತಪ್ಪು ಪ್ರೈಮರಿನಿಂದ ಮುಂದೆ. ಅರ್ಧ ಗಾಡಿ ಒಂದೇ ಪರೀಕ್ಷೆಯಲ್ಲಿ ಪಕ್ಕಕ್ಕೆ ಸರಿಯಿತು.

ಚಿಂತಾಮಣಿ ಕಡೆಯ ಒಬ್ಬ ಬೆಳೆಗಾರರ ಪಿಕಪ್ ಉದಾಹರಣೆ ಹೇಳುತ್ತೇನೆ. ಹಳೇ ಮೆಕಾನಿಕಲ್ ಪಂಪಿನ ಗಾಡಿ. ಲೋಡ್ ಇದ್ದಾಗ ಐದಾರು ಕಿಲೋಮೀಟರಿಗೆ ನಿಲ್ಲುತ್ತಿತ್ತು, ಒಂದು ಟೀ ಕುಡಿದು ಬರುವಷ್ಟರಲ್ಲಿ ಮತ್ತೆ ಸ್ಟಾರ್ಟ್. ಎರಡು ಸಲ ಫಿಲ್ಟರ್ ಬದಲಾಗಿತ್ತು, ಮೂರನೇ ಸಲ ಪಂಪ್ ಬಿಚ್ಚಬೇಕು ಅನ್ನೋ ಮಾತು ಬಂದಿತ್ತು. ಖಾಲಿ ಗಾಡಿ ನಿಂತಲ್ಲಿ ಓಡಿಸಿದರೆ ಏನೂ ತೊಂದರೆ ಕಾಣುತ್ತಿರಲಿಲ್ಲ. ಸುಳಿವು ಸಿಕ್ಕಿದ್ದು ರಬ್ಬರ್ ಪ್ರೈಮರಿನಿಂದ. ಜೋರಾಗಿ ರೇಸ್ ಕೊಟ್ಟು ಹಿಡಿದಾಗ ಆ ಬುರುಡೆ ಒಣಗಿದ ನಿಂಬೆಹಣ್ಣಿನ ಹಾಗೆ ಒಳಕ್ಕೆ ಕುಗ್ಗಿತು. ಮುಂದಿನ ಪಂಪ್ ಎಳೆಯುತ್ತಿದೆ, ಹಿಂದಿನಿಂದ ಬರುತ್ತಿಲ್ಲ ಅಂತ ಅದರರ್ಥ. ಮುಚ್ಚಳ ತೆಗೆದರೂ ಕುಗ್ಗುವುದು ನಿಲ್ಲಲಿಲ್ಲ, ಹಾಗಾಗಿ ಗಾಳಿತೂತಿನ ತಪ್ಪಲ್ಲ. ಕ್ಯಾನಿನಿಂದ ಕೊಟ್ಟಾಗ ಬುರುಡೆ ದುಂಡಗೇ ಉಳಿಯಿತು. ಆಮೇಲೆ ಟ್ಯಾಂಕಿನ ಮುಚ್ಚಳ ತೆಗೆದಿಟ್ಟು, ಹೋಸಿನಿಂದ ಟ್ಯಾಂಕಿನ ಕಡೆಗೆ ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದರು. ಮೊದಲು ಬಿಗಿಯಾಗಿತ್ತು, ಆಮೇಲೆ 'ಬುಳ್' ಅಂತ ಬಿಟ್ಟುಕೊಂಡು ಟ್ಯಾಂಕಿನಲ್ಲಿ ಗುಳುಗುಳು ಸದ್ದು. ಟ್ಯಾಂಕ್ ಇಳಿಸಿ ಬಗ್ಗಿಸಿದರೆ ಹೊರಗೆ ಬಂದದ್ದು ರೂಪಾಯಿ ಅಗಲದ ಒಂದು ತೆಳು ಫಾಯಿಲ್, ಔಷಧಿ ಕ್ಯಾನಿನ ಒಳಮುಚ್ಚಳದ ಸೀಲು! ಬಂಕಿನಿಂದ ಡೀಸೆಲ್ ತರಲು ಕೀಟನಾಶಕದ ಖಾಲಿ ಕ್ಯಾನ್ ಬಳಸುತ್ತಿದ್ದರು. ಪಂಪ್ ಎಳೆದಾಗ ಫಾಯಿಲ್ ಹೋಗಿ ಜಾಲರಿಗೆ ಅಂಟುತ್ತಿತ್ತು, ಇಂಜಿನ್ ನಿಂತು ಎಳೆತ ಬಿಟ್ಟಾಗ ತೇಲಿ ದೂರ ಹೋಗುತ್ತಿತ್ತು. ಟೀ ಕುಡಿಯುವ ಹೊತ್ತಿಗೆ ಗಾಡಿ ಹುಷಾರಾಗುತ್ತಿದ್ದುದರ ಗುಟ್ಟು ಅದು. ಔಷಧಿ ಕ್ಯಾನುಗಳನ್ನು ಮೂರು ಸಲ ತೊಳೆದು ತೂತು ಮಾಡಿ ವಿಲೇವಾರಿ ಮಾಡಬೇಕೇ ಹೊರತು ಮರುಬಳಕೆ ಮಾಡಬಾರದು ಅನ್ನೋದಕ್ಕೆ ಈ ಅಂಕಣದಲ್ಲಿ ಹೇಳಿದ ಕಾರಣಗಳ ಜೊತೆ ಇದೂ ಒಂದು ಸೇರಲಿ.

ಗಾಳಿ ಹೊಡೆಯುವಾಗ ಎರಡು ಮಾತು. ಪ್ರೈಮರಿನಲ್ಲಿ ಒಂದೇ ದಿಕ್ಕಿಗೆ ಬಿಡುವ ವಾಲ್ವ್ ಇರುವುದರಿಂದ ಅದರ ಹಿಂದೆ ಬಿಚ್ಚಿಯೇ ಹೊಡೆಯಬೇಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬೇಡ. ಹಳೇ ಟ್ಯಾಂಕ್, ಹಳೇ ಹೋಸ್ ಆ ಒತ್ತಡ ತಡೆಯುವುದಿಲ್ಲ. ಗಾಳಿ ಹೊಡೆದ ಮೇಲೆ ಗಾಡಿ ಸರಿಯಾಯಿತು ಅಂತ ಬಿಟ್ಟರೆ ಆ ಕಸ ಟ್ಯಾಂಕಿನಲ್ಲೇ ಇರುತ್ತದೆ, ಮತ್ತೆ ಬಂದು ಅಂಟುತ್ತದೆ.

ಫಿಲ್ಟರ್

ಪ್ರೈಮರ್ ಒತ್ತಿದರೆ ಎರಡು ಮೂರು ಒತ್ತಿಗೇ ಕಲ್ಲಿನಂತೆ ಗಟ್ಟಿಯಾಗಿ, ಆದರೂ ಫಿಲ್ಟರಿನಿಂದ ಆಚೆ ಡೀಸೆಲ್ ಸರಿಯಾಗಿ ಬಾರದಿದ್ದರೆ ಫಿಲ್ಟರ್ ಕಟ್ಟಿಕೊಂಡಿದೆ. ಎಷ್ಟು ಒತ್ತಿದರೂ ಗಟ್ಟಿಯಾಗದಿದ್ದರೆ ಗಾಳಿ ಎಳೆಯುತ್ತಿದೆ ಅಥವಾ ಪ್ರೈಮರಿನ ವಾಲ್ವ್ ಹೋಗಿದೆ.

ಕಾಗದದ ಫಿಲ್ಟರನ್ನು ಪೆಟ್ರೋಲಿನಲ್ಲಿ ತೊಳೆದು, ಗಾಳಿ ಹೊಡೆದು ಮತ್ತೆ ಹಾಕುವವರಿದ್ದಾರೆ. ಆ ಕಾಗದ ಕಣ್ಣಿಗೆ ಕಾಣದಷ್ಟು ಹರಿದು ಕಸವೆಲ್ಲ ನೇರ ಪಂಪಿಗೆ ಹೋಗುತ್ತದೆ. ಬದಲಿಸಿ, ಅಷ್ಟೇ. ಹೊಸ ಫಿಲ್ಟರಿನ ರಬ್ಬರ್ ರಿಂಗಿಗೆ ಡೀಸೆಲ್ ಸವರಿ, ಹಳೇ ರಿಂಗ್ ಮೇಲೆ ಅಂಟಿಕೊಂಡು ಉಳಿದಿಲ್ಲ ಅಂತ ಖಾತ್ರಿ ಮಾಡಿಕೊಂಡು ಕೈಯಲ್ಲೇ ಬಿಗಿಯಿರಿ. ಎರಡು ರಿಂಗ್ ಕೂತರೆ ಮತ್ತೆ ಗಾಳಿ. ಹೊಸ ಫಿಲ್ಟರಿಗೆ ಮೇಲಿನಿಂದ ಡೀಸೆಲ್ ತುಂಬಿ ಹಾಕಿದರೆ ಬೇಗ ಸ್ಟಾರ್ಟ್ ಆಗುತ್ತದೆ ನಿಜ, ಆದರೆ ನಡುವಿನ ತೂತಿಗೆ ಸುರಿದ ಡೀಸೆಲ್ ಶೋಧನೆಯೇ ಆಗದೆ ಮುಂದೆ ಹೋಗುತ್ತದೆ. ಕಾಮನ್ ರೈಲ್ ಗಾಡಿಯಲ್ಲಿ ತುಂಬುವುದೇ ಬೇಡ, ಖಾಲಿ ಹಾಕಿ ಪ್ರೈಮರಿನಲ್ಲೇ ತುಂಬಿಸಿ. ಐವತ್ತು ಒತ್ತು ಹೆಚ್ಚಾದರೆ ಆಗಲಿ.

ಏರ್ ತೆಗೆಯುವುದು

ಫಿಲ್ಟರಿನ ತಲೆಯ ಮೇಲಿನ ಬ್ಲೀಡ್ ಸ್ಕ್ರೂವನ್ನು ಎರಡು ಸುತ್ತು ಸಡಿಲಿಸಿ, ಸುತ್ತ ಬಟ್ಟೆ ಹಿಡಿದು ಪ್ರೈಮರ್ ಒತ್ತುತ್ತಾ ಹೋಗಿ. ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಗುಳ್ಳೆಯಿಲ್ಲದ ಡೀಸೆಲ್. ಡೀಸೆಲ್ ಬರುತ್ತಿರುವಾಗಲೇ ಸ್ಕ್ರೂ ಬಿಗಿಯಬೇಕು. ಒತ್ತುವುದು ನಿಲ್ಲಿಸಿ ಬಿಗಿದರೆ ಗಾಳಿ ಮತ್ತೆ ಒಳಗೆ ಸೇರುತ್ತದೆ. ಮೆಕಾನಿಕಲ್ ಪಂಪ್ ಇದ್ದರೆ ಪಂಪಿನ ಮೇಲಿನ ಬ್ಲೀಡ್ ಸ್ಕ್ರೂಗೂ ಹೀಗೇ ಮಾಡಿ. ಆಮೇಲೂ ಹಿಡಿಯದಿದ್ದರೆ, ಮೆಕಾನಿಕಲ್ ಪಂಪಿನ ಗಾಡಿಗೆ ಮಾತ್ರ, ನಾಝಲ್ ಕಡೆಯ ಎರಡು ಪೈಪುಗಳ ನಟ್ಟನ್ನು ಒಂದು ಸುತ್ತು ಸಡಿಲಿಸಿ, ಮೇಲೆ ಬಟ್ಟೆ ಹಾಕಿ, ಕೈ ದೂರವಿಟ್ಟು ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ಡೀಸೆಲ್ ತೊಟ್ಟಿಕ್ಕಿದ ಕೂಡಲೇ ಸೆಲ್ಫ್ ನಿಲ್ಲಿಸಿ ಬಿಗಿಯಿರಿ. ಸೆಲ್ಫ್ ಒಂದು ಸಲಕ್ಕೆ ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಬೇಡ, ನಡುವೆ ಒಂದು ನಿಮಿಷ ಬಿಡಿ. ಒಣ ಪಂಪನ್ನು ಸೆಲ್ಫಿನಲ್ಲಿ ತಿರುಗಿಸಿ ತಿರುಗಿಸಿ ಸ್ಟಾರ್ಟ್ ಮಾಡುತ್ತೇನೆ ಅನ್ನುವುದು ಬೇಡ. ಬಹಳಷ್ಟು ಪಂಪುಗಳಿಗೆ ಡೀಸೆಲೇ ಆಯಿಲ್, ಅದಿಲ್ಲದೆ ಒಳಗೆ ಲೋಹಕ್ಕೆ ಲೋಹ ಉಜ್ಜುತ್ತದೆ.

ಪಂಪಿನವರೆಗೆ ಡೀಸೆಲ್ ಚೆನ್ನಾಗಿ ಬಂದು, ಏರ್ ಕೂಡ ಇಲ್ಲದೆ, ನಾಝಲ್ ಪೈಪಿನಲ್ಲಿ ಮಾತ್ರ ಒಂದು ಹನಿಯೂ ಬರದಿದ್ದರೆ ಪಂಪಿನ ಸ್ಟಾಪ್ ಲಿವರ್ ನೋಡಿ. ಹಳೇ ಗಾಡಿಯಲ್ಲಿ ಸ್ಟಾಪ್ ಕೇಬಲ್ ತುಕ್ಕು ಹಿಡಿದು ಎಳೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿರುತ್ತದೆ. ಸೊಲೆನಾಯ್ಡ್ ಇರುವ ಪಂಪಿನಲ್ಲಿ ಕೀ ಆನ್ ಮಾಡಿದಾಗ 'ಟಕ್' ಅನ್ನಬೇಕು. ಅನ್ನದಿದ್ದರೆ ಅದರ ವೈರ್ ಕಳಚಿದೆಯಾ, ಫ್ಯೂಸ್ ಹೋಗಿದೆಯಾ ನೋಡಿ. ಹತ್ತು ರೂಪಾಯಿ ಫ್ಯೂಸಿಗಾಗಿ ಟೋಯಿಂಗ್ ಮಾಡಿಸಿಕೊಂಡು ಬಂದ ಗಾಡಿಗಳುಂಟು.

ತಪ್ಪಾಗಿ ಬೇರೇನೋ ಸುರಿದರೆ

ಬಿಎಸ್-6 ಗಾಡಿಗಳಲ್ಲಿ ಕೆಲವಕ್ಕೆ ಯೂರಿಯಾ ದ್ರಾವಣದ ಬೇರೆ ಟ್ಯಾಂಕ್ ಇರುತ್ತದೆ, ಸಾಮಾನ್ಯವಾಗಿ ನೀಲಿ ಮುಚ್ಚಳ. ಆ ದ್ರಾವಣ ಡೀಸೆಲ್ ಟ್ಯಾಂಕಿಗೆ ಬಿದ್ದರೆ, ಅಥವಾ ಕಾಮನ್ ರೈಲ್ ಗಾಡಿಗೆ ಪೆಟ್ರೋಲ್ ಬಿದ್ದರೆ, ಕೀಯನ್ನೇ ತಿರುಗಿಸಬೇಡಿ. ಬಂಕಿನಿಂದ ತಳ್ಳಿಕೊಂಡು ಪಕ್ಕಕ್ಕೆ ಹಾಕಿ ಟ್ಯಾಂಕ್ ಖಾಲಿ ಮಾಡಿಸಿ. ಸ್ಟಾರ್ಟ್ ಮಾಡದಿದ್ದರೆ ಟ್ಯಾಂಕ್ ತೊಳೆಸಿದ ಖರ್ಚು, ಮಾಡಿದರೆ ಪಂಪ್, ರೈಲ್, ಇಂಜೆಕ್ಟರ್ ಎಲ್ಲದರ ಖರ್ಚು. ಇನ್ನು ಚೀಲದ ಯೂರಿಯಾ ಕದಡಿ ಆ ನೀಲಿ ಮುಚ್ಚಳದ ಟ್ಯಾಂಕಿಗೆ ಹಾಕುವ ಯೋಚನೆಯೂ ಬೇಡ. ಅದು ಹೊಲಕ್ಕೆ.

ಇಷ್ಟೂ ನೋಡಿದ ಮೇಲೆ

ಟ್ಯಾಂಕ್ ಸರಿ, ಲೈನಿನಲ್ಲಿ ಗುಳ್ಳೆ ಇಲ್ಲ, ಫಿಲ್ಟರ್ ಹೊಸದು, ಏರ್ ತೆಗೆದಾಗಿದೆ, ಆದರೂ ಗಾಡಿ ಎಳೆಯುತ್ತಿಲ್ಲ ಎಂದರೆ ಈಗ ಪಂಪ್, ನಾಝಲ್ ಕಡೆಯವರ ಬಳಿ ಹೋಗಬೇಕು. ಕಾಮನ್ ರೈಲ್ ಆದರೆ ಸ್ಕ್ಯಾನರ್ ಇರುವವರ ಬಳಿಯೇ ಹೋಗಿ; ರೈಲ್ ಪ್ರೆಶರ್ ಎಷ್ಟು ಬರಬೇಕು, ಎಷ್ಟು ಬರುತ್ತಿದೆ ಅನ್ನೋದನ್ನು ಅದರಲ್ಲಿ ನೋಡಬೇಕು, ಪ್ರತಿ ಇಂಜೆಕ್ಟರಿನ ರಿಟರ್ನ್ ಅಳೆಯಬೇಕು. ಅಂದಾಜಿನ ಮೇಲೆ ನಾಲ್ಕು ಇಂಜೆಕ್ಟರ್ ಬದಲಿಸಲು ಒಪ್ಪಬೇಡಿ. "ಎಳೆಯಲ್ಲ, ನೋಡಿ" ಅಂತ ಕೀ ಕೊಟ್ಟು ಬರುವ ಬದಲು, ಕ್ಯಾನಿನಿಂದ ಓಡಿಸಿದಾಗ ಏನಾಯಿತು, ಹೊಗೆ ಯಾವ ಬಣ್ಣ, ಎಷ್ಟು ಕಿಲೋಮೀಟರಿಗೆ ನಿಲ್ಲುತ್ತದೆ ಅಂತ ಚೀಟಿಯಲ್ಲಿ ಬರೆದು ಕೊಡಿ. ಬಾಟಲಿಯಲ್ಲಿ ಹಿಡಿದ ಡೀಸೆಲನ್ನೂ ತೋರಿಸಿ. ಬಿಚ್ಚಿದ ಹಳೇ ಸಾಮಾನು ವಾಪಸ್ ಕೇಳಿ ತನ್ನಿ.

ನೀವೇ ಸರಿ ಮಾಡಿದ್ದರೆ ಆ ರಾತ್ರಿಯೇ ಲೋಡ್ ಹಾಕಿಕೊಂಡು ಹೊರಡಬೇಡಿ. ಮೊದಲು ಅರ್ಧ ಗಂಟೆ ಖಾಲಿ ಓಡಿಸಿ, ಬಂದು ಬಿಚ್ಚಿದ ಪ್ರತಿ ಜಾಯಿಂಟಿಗೆ ಒಣ ಕಾಗದ ಒತ್ತಿ ಒದ್ದೆಯಾಗುತ್ತದಾ ನೋಡಿ. ಗಾಡಿ ರಾತ್ರಿಯಿಡೀ ನಿಲ್ಲಲಿ. ಬೆಳಿಗ್ಗೆ ಮೊದಲ ಸೆಲ್ಫಿಗೇ ಹಿಡಿದರೆ ಗಾಳಿ ನುಗ್ಗುತ್ತಿಲ್ಲ. ಆಮೇಲೆ ಅರ್ಧ ಲೋಡಿನಲ್ಲಿ, ಹತ್ತಿರದ ಏರಿನಲ್ಲಿ ಒಮ್ಮೆ ಹತ್ತಿಸಿ ನೋಡಿ. ಹಳೇ ಫಿಲ್ಟರ್, ಬಟ್ಟಲಿನಿಂದ ತೆಗೆದ ನೀರು ಮಿಶ್ರಿತ ಡೀಸೆಲನ್ನು ಬಾವಿಕಟ್ಟೆಯ ಹತ್ತಿರವಾಗಲಿ ಕಾಲುವೆಗಾಗಲಿ ಸುರಿಯದೆ, ಹಳೇ ಆಯಿಲ್ ಕೊಳ್ಳುವ ಗ್ಯಾರೇಜಿಗೆ ಕೊಟ್ಟುಬಿಡಿ.